ಹೊಟ್ಟೆ ಕೆಟ್ಟಾಗ ಉಣ್ಣಬೇಕಾದುದೇನು?

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ರೋಗ ಬಂದ ಮೇಲೆ ಏನನ್ನು ಉಣ್ಣಬೇಕು ಎಂಬ ಪ್ರಶ್ನೆಗೆ ಮಾತ್ರ ಮನೆಗೊಂದು ಉತ್ತರ ದೊರೆಯುತ್ತದೆ. ಅದರಲ್ಲಿಯೂ ವಾಂತಿ ಭೇದಿಗಳಾದಾಗ "ಏನನ್ನೂ ಕೊಡಬೇಡಿ, ಹೊಟ್ಟೆ ಬರಿದಾಗಿರಲಿ" ಎನ್ನುವವರೇ ಹೆಚ್ಚು. ಈ ಸಲಹೆಯನ್ನು ಕೊಡುವವರು ರೋಗಿಯ ಹಿತವನ್ನೇ ಬಯಸುವವರು. ಆದರೂ ಇದರಿಂದ ರೋಗಿಗೆ, ವಿಶೇಷವಾಗಿ ಚಿಕ್ಕ ಮಕ್ಕಳಿಗೆ, ಆಗುವ ಹಾನಿ ಸಣ್ಣದಲ್ಲ. ಹೊಟ್ಟೆ ಕೆಟ್ಟಾಗ ಏನನ್ನು, ಯಾವಾಗ, ಎಷ್ಟು ಕೊಡಬೇಕು, ಅದನ್ನು ರೋಗಿ ಇಷ್ಟಪಟ್ಟು ಉಣ್ಣುವಂತೆ ಹೇಗೆ ತಯಾರಿಸಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಒಂದು ಪ್ರಸಂಗ

ನಾನು ಕೆಲಸ ಮಾಡುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಬೇಸಗೆಯ ಬೆಳಿಗ್ಗೆ ಅಜ್ಜಿಯೊಬ್ಬರು ಎರಡು ವರ್ಷದ ಮೊಮ್ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಮಗುವಿಗೆ ಮೂರು ದಿನಗಳಿಂದ ಭೇದಿ. ಕಣ್ಣು ಗುಳಿ ಬಿದ್ದಿದ್ದವು, ನಾಲಗೆ ಒಣಗಿತ್ತು, ಅಳುತ್ತಿದ್ದರೂ ಕಣ್ಣೀರು ಬರುತ್ತಿರಲಿಲ್ಲ.

"ಮಗುವಿಗೆ ಏನು ಕೊಟ್ಟಿರಿ ಅಜ್ಜಿ?" ಎಂದು ಕೇಳಿದೆ.

"ಏನೂ ಕೊಟ್ಟಿಲ್ಲ ಡಾಕ್ಟ್ರೇ. ಹೊಟ್ಟೆಗೆ ಬಿಡುವು ಕೊಟ್ಟಿದ್ದೀವಿ. ಎರಡು ಹೊತ್ತು ಬರೀ ಟೀ ನೀರು, ಜೊತೆಗೆ ಒಂದು ಬಿಸ್ಕತ್ತು, ಅಷ್ಟೇ" ಎಂದರು.

ಮಗು ಇನ್ನೂ ಕುಡಿಯಬಲ್ಲ ಸ್ಥಿತಿಯಲ್ಲಿದ್ದುದು ನಮ್ಮ ಪುಣ್ಯ. ನಾಲ್ಕು ಗಂಟೆಗಳ ಕಾಲ ಚಮಚ ಚಮಚವಾಗಿ ಓ.ಆರ್.ಎಸ್. ದ್ರಾವಣವನ್ನು ಕುಡಿಸಿದೆವು. ಮಧ್ಯಾಹ್ನದ ವೇಳೆಗೆ ಮಗು ಕಣ್ಣರಳಿಸಿ, ಪಕ್ಕದಲ್ಲಿ ಕುಳಿತಿದ್ದವರ ಕೈಯಲ್ಲಿದ್ದ ಬಾಳೆಹಣ್ಣಿನ ಕಡೆ ಕೈ ಚಾಚಿತು. ಅಜ್ಜಿ ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ಕೊಡಿ ಅಜ್ಜಿ, ಮಗು ತಿನ್ನಲಿ" ಎಂದಾಗ ಅವರು ನನ್ನ ಮುಖವನ್ನೇ ನೋಡಿದರು. ಸಂಜೆ ಮನೆಗೆ ಹೊರಡುವಾಗ ಮಗುವಿಗೆ ಗಂಜಿ ಕೊಡಬೇಕೆಂದು ಹೇಳಿದೆ. ಆಗ ಅವರು ಅಕ್ಕಿಯನ್ನು ಹುರಿದು, ತರಿ ಮಾಡಿ, ಜೀರಿಗೆ ಹಾಕಿ ಗಂಜಿ ಕಾಯಿಸುವ ಕ್ರಮವನ್ನು ನನಗೇ ಹೇಳಿದರು. "ಇದನ್ನ ಭೇದಿ ನಿಂತ ಮೇಲೆ ಕೊಡೋಣ ಅಂತಿದ್ದೆ" ಎಂದರು.

ಆ ಗಂಜಿಯನ್ನು ಮಾಡಲು ಅಜ್ಜಿಗೆ ನಾನು ಕಲಿಸಬೇಕಾದುದು ಏನೂ ಇರಲಿಲ್ಲ. ಅವರಿಗೆ ತಿಳಿಯದೆ ಇದ್ದ ಸಂಗತಿ ಒಂದೇ: ಪಥ್ಯದ ಆಹಾರವನ್ನು ಕೊಡಬೇಕಾದುದು ಭೇದಿ ನಿಂತ ಮೇಲಲ್ಲ, ಭೇದಿ ಆಗುತ್ತಿರುವಾಗಲೇ. ಈ ಪಾಠದ ಸಾರವೂ ಇಷ್ಟೇ.

ಭೇದಿಯಾದಾಗ ಹೊಟ್ಟೆಯಲ್ಲಿ ನಡೆಯುವುದೇನು?

ನಾವು ಕುಡಿಯುವ ನೀರು, ಉಣ್ಣುವ ಆಹಾರ ಹಾಗೂ ದೇಹವೇ ಒಸರುವ ಜೀರ್ಣರಸಗಳು ಎಲ್ಲವೂ ಸೇರಿ ಪ್ರೌಢ ಮನುಷ್ಯನ ಕರುಳಿಗೆ ದಿನಕ್ಕೆ ಸುಮಾರು 8ರಿಂದ 9 ಲೀಟರ್ ದ್ರವ ಬಂದು ಸೇರುತ್ತದೆ. ಆರೋಗ್ಯವಂತನ ಕರುಳು ಇದರಲ್ಲಿ ಬಹುತೇಕ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಮಲದೊಡನೆ ಹೊರಹೋಗುವ ನೀರು 100ರಿಂದ 200 ಮಿಲಿಲೀಟರ್ ಮಾತ್ರ. ಕಲುಷಿತ ನೀರು ಅಥವಾ ಆಹಾರದ ಮೂಲಕ ರೋಗಾಣುಗಳು ಒಳಸೇರಿದಾಗ ಕರುಳಿನ ಒಳಪದರ ಕೆರಳುತ್ತದೆ. ಹೀರುವ ಶಕ್ತಿ ಕುಗ್ಗುತ್ತದೆ, ಒಸರುವ ಪ್ರಮಾಣ ಹೆಚ್ಚುತ್ತದೆ. ನೀರು ಮತ್ತು ಲವಣಗಳು ದೇಹದಿಂದ ಸೋರಿಹೋಗುತ್ತವೆ. ಇದನ್ನು ನಿರ್ಜಲೀಕರಣ ಎನ್ನುತ್ತಾರೆ. ಭೇದಿಯಿಂದ ಪ್ರಾಣಹಾನಿಯಾಗುವುದು ಹೆಚ್ಚಾಗಿ ಇದರಿಂದಲೇ.

ಆದರೆ ಕೆರಳಿದ ಕರುಳು ಸಂಪೂರ್ಣವಾಗಿ ಕೆಲಸ ನಿಲ್ಲಿಸಿರುತ್ತದೆ ಎಂದು ತಿಳಿಯಬಾರದು. ಭೇದಿಯಾಗುತ್ತಿರುವಾಗಲೂ ಉಂಡ ಆಹಾರದ ಅರ್ಧಕ್ಕಿಂತ ಹೆಚ್ಚಿನ ಸತ್ವ ದೇಹಕ್ಕೆ ದಕ್ಕುತ್ತದೆ. ಅಲ್ಲದೆ ಕರುಳಿನ ಒಳಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಸವೆದು ಹೊಸದಾಗಿ ಹುಟ್ಟುತ್ತಿರುತ್ತವೆ. ಈ ದುರಸ್ತಿಗೆ ಬೇಕಾದ ಸಾಮಗ್ರಿ ಬರುವುದು ಆಹಾರದಿಂದ. ಗೋಡೆ ಬಿದ್ದ ಮನೆಗೆ ಮಣ್ಣು ಕಲ್ಲು ಬರದಂತೆ ತಡೆದರೆ ಗೋಡೆ ಏಳುವುದು ಹೇಗೆ? ಉಪವಾಸವಿದ್ದ ಮಗುವಿನ ತೂಕ ಇಳಿಯುತ್ತದೆ. ತೂಕ ಇಳಿದ ಮಗುವಿಗೆ ಮತ್ತೆ ಬೇಗ ಭೇದಿಯಾಗುತ್ತದೆ. ಹೀಗೆ ಭೇದಿ ಮತ್ತು ಅಪೌಷ್ಟಿಕತೆಗಳು ಒಂದನ್ನೊಂದು ಎಳೆದುಕೊಂಡು ಬರುತ್ತವೆ.

"ಲಂಘನಂ ಪರಮೌಷಧಂ" ಎಂಬ ಮಾತನ್ನು ಕೆಲವರು ಉದಾಹರಿಸುವುದುಂಟು. ಮದುವೆಯ ಊಟ ಹೆಚ್ಚಾಗಿ ಅಜೀರ್ಣವಾದ ಗಟ್ಟಿಮುಟ್ಟಾದ ಪ್ರೌಢನು ಒಂದು ಹೊತ್ತು ಊಟ ಬಿಟ್ಟರೆ ತೊಂದರೆಯೇನೂ ಇಲ್ಲ. ಆದರೆ ಭೇದಿಯಾಗುತ್ತಿರುವ ಮಗುವಿಗೆ, ಗರ್ಭಿಣಿಗೆ, ಬಾಣಂತಿಗೆ, ವೃದ್ಧರಿಗೆ ಈ ಮಾತನ್ನು ಅನ್ವಯಿಸುವುದು ಸರಿಯಲ್ಲ.

ಮೊದಲು ನೀರು, ಕೂಡಲೇ ಆಹಾರ

ಸೋರಿಹೋದ ನೀರು ಮತ್ತು ಲವಣಗಳನ್ನು ತುಂಬಿಕೊಡುವುದು ಮೊದಲ ಕೆಲಸ. ಕರುಳಿನಲ್ಲಿ ಸಕ್ಕರೆಯ ಅಂಶ ಮತ್ತು ಉಪ್ಪಿನ ಅಂಶ ಜೊತೆಗೂಡಿ ಹೀರಲ್ಪಡುತ್ತವೆ, ಅವುಗಳ ಹಿಂದೆಯೇ ನೀರೂ ಒಳಸೇರುತ್ತದೆ. ಭೇದಿಯಾಗುತ್ತಿರುವಾಗಲೂ ಈ ಬಾಗಿಲು ತೆರೆದೇ ಇರುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ರಕ್ತನಾಳಕ್ಕೆ ಕೊಡುವ ದ್ರಾವಣ ಸಾಕಾಗಲಿಲ್ಲ. ಆಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಅಡಿಗೆ ಸೋಡಾ ಮತ್ತು ಗ್ಲೂಕೋಸ್ ಕಲಸಿದ ನೀರನ್ನು ರೋಗಿಗಳಿಗೆ ಬಾಯಿಂದಲೇ ಕುಡಿಸುವ ವ್ಯವಸ್ಥೆ ಮಾಡಿದರು. ಶೇಕಡ 30ರ ಹತ್ತಿರವಿದ್ದ ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳಿಯಿತು. ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಗೌರವ ಸಂದಿತು. ಇಂದು ಆರೋಗ್ಯ ಕೇಂದ್ರಗಳಲ್ಲಿಯೂ ಆಶಾ ಕಾರ್ಯಕರ್ತೆಯರಲ್ಲಿಯೂ ದೊರೆಯುವ ಓ.ಆರ್.ಎಸ್. ಪೊಟ್ಟಣ ಅದೇ ತತ್ವದ ಸುಧಾರಿಸಿದ ರೂಪ.

ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟೇ ನೀರಿನಲ್ಲಿ ಪೂರ್ತಿ ಪೊಟ್ಟಣವನ್ನು ಕಲಸತಕ್ಕದ್ದು. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು ಬೇಕು. ಅದನ್ನು ಸ್ವಲ್ಪ ಸ್ವಲ್ಪವಾಗಿ ಲೋಟಕ್ಕೆ ಹಾಕಿ ಕಲಸಬಾರದು. ಕುದಿಸಿ ಆರಿಸಿದ ನೀರನ್ನು ಬಳಸಬೇಕು. ಕಲಸಿದ ಮೇಲೆ ದ್ರಾವಣವನ್ನು ಕುದಿಸಕೂಡದು. 24 ಗಂಟೆಗಳಾದ ಮೇಲೆ ಉಳಿದುದನ್ನು ಚೆಲ್ಲಿ ಹೊಸದಾಗಿ ತಯಾರಿಸಬೇಕು. ಪ್ರತಿ ಸಲ ಭೇದಿಯಾದ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಎರಡರಿಂದ ಹತ್ತು ವರ್ಷದ ಮಕ್ಕಳಿಗೆ 100ರಿಂದ 200 ಮಿಲಿಲೀಟರ್, ದೊಡ್ಡವರಿಗೆ ಬೇಕೆನಿಸಿದಷ್ಟು ಕೊಡಬಹುದು. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ಇನ್ನೂ ನಿಧಾನವಾಗಿ, ಚಮಚದಿಂದ ಕುಡಿಸಬೇಕು.

ಪೊಟ್ಟಣ ಕೈಗೆ ಸಿಗುವವರೆಗೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ ಕೊಡಬಹುದು. ರುಚಿ ನೋಡಿದಾಗ ಅದು ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು.

ಮಗುವಿಗೆ ಕಣ್ಣು ಗುಳಿ ಬೀಳುವಷ್ಟು ನಿರ್ಜಲೀಕರಣವಾಗಿದ್ದರೆ ಆರೋಗ್ಯ ಕೇಂದ್ರದಲ್ಲಿ ಮೊದಲ ನಾಲ್ಕು ಗಂಟೆ ಓ.ಆರ್.ಎಸ್. ಕೊಟ್ಟು, ಅನಂತರ ಆಹಾರವನ್ನು ಆರಂಭಿಸುತ್ತಾರೆ. ಎದೆಹಾಲನ್ನು ಆ ನಾಲ್ಕು ಗಂಟೆಗಳಲ್ಲಿಯೂ ನಿಲ್ಲಿಸುವುದಿಲ್ಲ. ಅಂತಹ ಲಕ್ಷಣಗಳಿಲ್ಲದಿದ್ದರೆ ಆಹಾರವನ್ನು ಒಂದು ಹೊತ್ತೂ ನಿಲ್ಲಿಸಬೇಕಾಗಿಲ್ಲ.

ರುಚಿಯೂ ಚಿಕಿತ್ಸೆಯ ಒಂದು ಭಾಗ

ಪಥ್ಯವೆಂದರೆ ಸಪ್ಪೆ ಊಟ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ರೋಗಿಯ ಬಾಯಿ ಮೊದಲೇ ಕೆಟ್ಟಿರುತ್ತದೆ, ಹಸಿವು ಕುಂದಿರುತ್ತದೆ. ಅಂಥವರ ಮುಂದೆ ಉಪ್ಪಿಲ್ಲದ ಸಪ್ಪೆ ಗಂಜಿಯನ್ನಿಟ್ಟರೆ ಎರಡು ತುತ್ತಿಗೇ ತಟ್ಟೆಯನ್ನು ದೂಡುತ್ತಾರೆ. ಬಟ್ಟಲಿನಲ್ಲಿ ಉಳಿದ ಗಂಜಿಯಿಂದ ಯಾರಿಗೂ ಶಕ್ತಿ ಬರುವುದಿಲ್ಲ. ಆದಕಾರಣ ಆಹಾರ ಹಿತವಾಗಿರಬೇಕಾದಷ್ಟೇ ರುಚಿಯಾಗಿಯೂ ಇರಬೇಕು.

ಹೊಟ್ಟೆಯನ್ನು ಕೆರಳಿಸುವುದು ಒಣಮೆಣಸಿನಕಾಯಿಯ ಖಾರ, ಕರಿದ ಎಣ್ಣೆ, ಅತಿಯಾದ ಸಿಹಿ ಮತ್ತು ಒರಟಾದ ನಾರು. ಉಪ್ಪು, ಹುರಿದ ಜೀರಿಗೆಯ ಪರಿಮಳ, ಶುಂಠಿಯ ಚುರುಕು, ಕರಿಬೇವಿನ ಘಮ, ನಿಂಬೆಯ ಹುಳಿ, ಹೊಸ ಮಜ್ಜಿಗೆಯ ತಂಪು ಇವೆಲ್ಲವೂ ಮಿತವಾಗಿದ್ದರೆ ಹೊಟ್ಟೆಗೆ ಹಿತವೇ. ಒಂದು ಚಮಚ ತುಪ್ಪವನ್ನು ಕಂಡು ಅಂಜಬೇಕಾಗಿಲ್ಲ. ಅದು ಕಡಿಮೆ ಆಹಾರದಲ್ಲಿ ಹೆಚ್ಚು ಶಕ್ತಿಯನ್ನು ಕೊಡುತ್ತದೆ. ಉಪ್ಪು ರುಚಿಗಷ್ಟೇ ಅಲ್ಲ, ಸೋರಿಹೋದ ಲವಣವನ್ನು ತುಂಬುವುದಕ್ಕೂ ಬೇಕು.

ನಮ್ಮ ಅಡಿಗೆಮನೆಯ ಹಿತವಾದ ಆಹಾರಗಳು

ಕರ್ನಾಟಕದ ಒಂದೊಂದು ಭಾಗದಲ್ಲಿಯೂ ಇಂತಹ ಆಹಾರಗಳು ಬಳಕೆಯಲ್ಲಿವೆ. ಹೊರಗಿನಿಂದ ಏನನ್ನೂ ಕೊಂಡು ತರಬೇಕಾಗಿಲ್ಲ. ಕೆಲವನ್ನು ಇಲ್ಲಿ ವಿವರಿಸಿದೆ.

1. ಹುರಿದ ಅಕ್ಕಿ ಮತ್ತು ಹೆಸರುಬೇಳೆಯ ಗಂಜಿ: ಎರಡು ಹಿಡಿ ಅಕ್ಕಿ, ಒಂದು ಹಿಡಿ ಹೆಸರುಬೇಳೆಯನ್ನು ಘಮ್ಮೆನ್ನುವವರೆಗೆ ಎಣ್ಣೆಯಿಲ್ಲದೆ ಹುರಿದು ತರಿಯಾಗಿ ಒಡೆದುಕೊಳ್ಳಬೇಕು. ಆರು ಲೋಟ ನೀರಿಗೆ ಈ ತರಿ, ಕಾಲು ಚಮಚ ಜೀರಿಗೆ, ಜಜ್ಜಿದ ಸಣ್ಣ ಚೂರು ಶುಂಠಿ ಹಾಕಿ ಮೆತ್ತಗಾಗುವವರೆಗೆ ಬೇಯಿಸಬೇಕು. ಇಳಿಸುವಾಗ ಉಪ್ಪು, ಒಂದು ಚಮಚ ತುಪ್ಪ, ಬಡಿಸುವಾಗ ನಾಲ್ಕು ಹನಿ ನಿಂಬೆರಸ ಹಾಕಬೇಕು. ಅಕ್ಕಿಯಲ್ಲಿರುವ ಪಿಷ್ಟ ಸುಲಭವಾಗಿ ಜೀರ್ಣವಾಗುತ್ತದೆ. ಹೆಸರುಬೇಳೆ ಕರುಳಿನ ದುರಸ್ತಿಗೆ ಬೇಕಾದ ಸಸಾರಜನಕವನ್ನು ಒದಗಿಸುತ್ತದೆ. ಚಿಕ್ಕ ಮಗುವಿಗಾದರೆ ನೀರನ್ನು ಕಡಿಮೆ ಮಾಡಿ, ಚೆನ್ನಾಗಿ ಮಸೆದು, ಚಮಚದಿಂದ ಜಾರದಷ್ಟು ಗಟ್ಟಿಯಾಗಿ ಕೊಡಬೇಕು. ನೀರಾದ ಗಂಜಿಯಿಂದ ಮಗುವಿನ ಹೊಟ್ಟೆ ತುಂಬಿದರೂ ಶಕ್ತಿ ಸಾಲದು.

2. ಕುಚ್ಚಲಕ್ಕಿಯ ಗಂಜಿ: ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೊದಲ ದಿನ ಅಕ್ಕಿ ಚೆನ್ನಾಗಿ ಅರಳುವಂತೆ ಬೇಯಿಸಿ, ಮೇಲಿನ ತಿಳಿಗೆ ಉಪ್ಪು ಹಾಕಿ ಆಗಾಗ ಕುಡಿಯಬೇಕು. ಆದರೆ ತಿಳಿಯನ್ನಷ್ಟೇ ಕುಡಿದು ನಿಲ್ಲಬಾರದು. ಅದೇ ದಿನವೇ ಅನ್ನವನ್ನೂ ಕಿವುಚಿ ಉಣ್ಣಬೇಕು. ಖಾರದ ಉಪ್ಪಿನಕಾಯಿಯ ಬದಲು ಮೊಸರು ಅಥವಾ ತಂಬುಳಿಯನ್ನು ನೆಂಚಿಕೊಳ್ಳಬಹುದು.

3. ರಾಗಿಯ ಅಂಬಲಿ: ಎರಡು ದೊಡ್ಡ ಚಮಚ ರಾಗಿಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುತ್ತಿರುವ ಎರಡು ಲೋಟ ನೀರಿಗೆ ಸುರಿದು, ಎಂಟು ಹತ್ತು ನಿಮಿಷ ಕೈಬಿಡದೆ ತಿರುವಬೇಕು. ಉಗುರುಬೆಚ್ಚಗಾದ ಮೇಲೆ ಒಂದು ಲೋಟ ಹೊಸ ಮಜ್ಜಿಗೆ, ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಸೇರಿಸಬೇಕು. ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿಹಿಟ್ಟು ಇನ್ನೂ ಉತ್ತಮ. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಅಂಟಂಟಾಗದೆ ತೆಳುವಾಗಿಯೇ ಉಳಿಯುತ್ತದೆ. ಹೆಚ್ಚು ನುಂಗಲಾರದ ಮಗುವಿಗೆ ಕೆಲವೇ ಚಮಚಗಳಲ್ಲಿ ಹೆಚ್ಚು ಸತ್ವ ಸೇರುತ್ತದೆ. ಹಿಟ್ಟನ್ನು ಜರಡಿಯಲ್ಲಿ ಸೋಸಿ ಹೊಟ್ಟನ್ನು ತೆಗೆಯುವುದು ಒಳ್ಳೆಯದು.

4. ಜೋಳದ ನುಚ್ಚು, ಮಜ್ಜಿಗೆ: ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯ ಜೊತೆಗೆ ನುಚ್ಚೂ ಬಳಕೆಯಲ್ಲಿದೆ. ಭೇದಿಯಾದಾಗ ಖಡಕ್ ರೊಟ್ಟಿ, ಖಾರದ ಚಟ್ನಿ ಬೇಡ. ಹೊಟ್ಟು ತೆಗೆದ ಜೋಳದ ನುಚ್ಚನ್ನು ಐದಾರು ಪಟ್ಟು ನೀರಿನಲ್ಲಿ ಮೆತ್ತಗೆ ಬೇಯಿಸಿ, ತಿಳಿಮಜ್ಜಿಗೆ ಮತ್ತು ಉಪ್ಪು ಕಲಸಿ ಉಣ್ಣಬೇಕು. ಕರಿಬೇವು ಜೀರಿಗೆಯ ಸಣ್ಣ ಒಗ್ಗರಣೆ ಕೊಟ್ಟರೆ ಬಾಯಿಗೆ ರುಚಿ ಬರುತ್ತದೆ.

5. ದೊಡ್ಡಪತ್ರೆಯ ತಂಬುಳಿ: ಮಲೆನಾಡಿನ ಈ ವ್ಯಂಜನ ಪಥ್ಯದ ಊಟಕ್ಕೆ ಹೇಳಿ ಮಾಡಿಸಿದಂತಿದೆ. ಆರೆಂಟು ದೊಡ್ಡಪತ್ರೆ ಎಲೆಗಳನ್ನು ತೊಳೆದು, ಅರ್ಧ ಚಮಚ ತುಪ್ಪದಲ್ಲಿ ಜೀರಿಗೆಯೊಡನೆ ಬಾಡಿಸಿ, ಒಂದು ಚಮಚ ತೆಂಗಿನ ತುರಿ ಸೇರಿಸಿ ನುಣ್ಣಗೆ ಅರೆದು, ಒಂದು ಲೋಟ ಹೊಸ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಬೇಕು. ಮೆತ್ತಗಿನ ಅನ್ನಕ್ಕೆ ಕಲಸಿ ಉಣ್ಣಬಹುದು. ಎಲೆ ಸಿಗದಿದ್ದರೆ ಶುಂಠಿಯಿಂದ ಇದೇ ರೀತಿ ಮಾಡಬಹುದು. ಹಾಲು ಮೊಸರಾಗುವಾಗ ಅದರಲ್ಲಿರುವ ಸಕ್ಕರೆಯ ಅಂಶ ಸ್ವಲ್ಪ ಮಟ್ಟಿಗೆ ಕರಗಿಹೋಗುವುದರಿಂದ, ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವವರಿಗೂ ಮೊಸರು ಮಜ್ಜಿಗೆಗಳು ಒಗ್ಗುತ್ತವೆ.

6. ಬೇಯಿಸಿದ ಬಾಳೆಕಾಯಿ: ಒಂದು ಬಾಳೆಕಾಯಿಯನ್ನು ಸಿಪ್ಪೆಸಹಿತ ಬೇಯಿಸಿ, ಸುಲಿದು, ನುಣ್ಣಗೆ ಮಸೆದು, ಮೊಸರು, ಉಪ್ಪು, ಜೀರಿಗೆಪುಡಿ ಕಲಸಬೇಕು. ಬಾಳೆಕಾಯಿಯ ಪಿಷ್ಟದಲ್ಲಿ ಒಂದು ಭಾಗ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿರುವ ಉಪಕಾರಿ ಸೂಕ್ಷ್ಮಾಣುಗಳು ಅದನ್ನು ಬದಲಾಯಿಸಿ ಉಂಟುಮಾಡುವ ಆಮ್ಲಗಳು ಉಪ್ಪು ಮತ್ತು ನೀರನ್ನು ಹೀರಿಕೊಳ್ಳಲು ದೊಡ್ಡ ಕರುಳಿಗೆ ನೆರವಾಗುತ್ತವೆ. ಚೆನ್ನಾಗಿ ಕಳಿತ ಏಲಕ್ಕಿ ಬಾಳೆಯ ಹಣ್ಣು ಸಹ ಒಳ್ಳೆಯದು. ಭೇದಿಯಲ್ಲಿ ಕಳೆದುಹೋಗುವ ಪೊಟ್ಯಾಸಿಯಂ ಲವಣ ಅದರಲ್ಲಿದೆ.

7. ಹೆಸರುಬೇಳೆಯ ಕಟ್ಟು: ಹೆಸರುಬೇಳೆಯನ್ನು ಅರಿಸಿನ ಹಾಕಿ ನುಣ್ಣಗೆ ಬೇಯಿಸಿ ಕಡೆದು, ಉಪ್ಪು, ಶುಂಠಿ, ಎರಡು ಕಾಳು ಮೆಣಸಿನ ಪುಡಿ, ಕರಿಬೇವು ಹಾಕಿ ಕುದಿಸಿ ಇಳಿಸಿ, ನಿಂಬೆ ಹಿಂಡಬೇಕು. ಇದಕ್ಕೆ ಬಿಸಿ ಇಡ್ಲಿಯನ್ನು ನೆನೆಸಿ ಕೊಟ್ಟರೆ ಊಟ ಬೇಡವೆನ್ನುವ ಮಕ್ಕಳೂ ತಿನ್ನುತ್ತಾರೆ. ಮೊಟ್ಟೆ ತಿನ್ನುವವರು ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ಮಸೆದು ಅನ್ನಕ್ಕೆ ಸೇರಿಸಿಕೊಳ್ಳಬಹುದು.

ಯಾವ ವಯಸ್ಸಿಗೆ ಯಾವ ಕ್ರಮ?

ಆರು ತಿಂಗಳೊಳಗಿನ ಕೂಸಿಗೆ ಎದೆಹಾಲೇ ಆಹಾರ, ಎದೆಹಾಲೇ ಪಥ್ಯ. ಎಂದಿಗಿಂತ ಹೆಚ್ಚು ಸಲ ಹಾಲೂಡಿಸಬೇಕು. ಭೇದಿಗಾಗಿ ಬೇಕಾದ ಓ.ಆರ್.ಎಸ್. ಹೊರತು ಬೇರೆ ನೀರು, ಗಂಜಿ, ಗ್ರೈಪ್ ವಾಟರ್ ಬೇಡ. "ತಾಯಿಯ ಹಾಲು ಮಗುವಿಗೆ ಆಗುತ್ತಿಲ್ಲ" ಎಂದು ಎದೆಹಾಲನ್ನು ಬಿಡಿಸುವುದು ದೊಡ್ಡ ತಪ್ಪು. ಎರಡು ತಿಂಗಳೊಳಗಿನ ಕೂಸಿಗೆ ಭೇದಿಯಾದರೆ ಮನೆಯಲ್ಲಿ ಕಾಯದೆ ವೈದ್ಯರಿಗೆ ತೋರಿಸತಕ್ಕದ್ದು.

ಆರು ತಿಂಗಳು ದಾಟಿದ ಮಕ್ಕಳಿಗೆ ಎದೆಹಾಲಿನ ಜೊತೆಗೆ, ಮೂರು ನಾಲ್ಕು ಗಂಟೆಗೊಮ್ಮೆ, ದಿನಕ್ಕೆ ಆರು ಸಲವಾದರೂ, ಸ್ವಲ್ಪ ಸ್ವಲ್ಪವಾಗಿ ಮೇಲೆ ಹೇಳಿದ ಆಹಾರಗಳನ್ನು ಕೊಡಬೇಕು. ಬಲವಂತ ಮಾಡಬಾರದು. ಆದರೆ ಒಮ್ಮೆ ಬೇಡವೆಂದಿತೆಂದು ಬಿಟ್ಟುಬಿಡಲೂ ಬಾರದು. ಅರ್ಧ ಗಂಟೆ ಬಿಟ್ಟು ಮತ್ತೆ ಮುಂದಿಡಬೇಕು. ಭೇದಿ ನಿಂತ ಮೇಲೆ ಎರಡು ವಾರಗಳವರೆಗೆ ದಿನಕ್ಕೆ ಒಂದು ಊಟವನ್ನು ಹೆಚ್ಚಾಗಿ ಕೊಟ್ಟರೆ ಕಳೆದುಕೊಂಡ ತೂಕ ಮರಳುತ್ತದೆ.

ಇದರೊಡನೆ ಸತುವಿನ ಮಾತ್ರೆಯನ್ನೂ ಕೊಡಬೇಕು. ಜಿಂಕ್ ಎಂದು ಕರೆಯುವ ಈ ಮಾತ್ರೆ ಆರೋಗ್ಯ ಕೇಂದ್ರದಲ್ಲಿ ದೊರೆಯುತ್ತದೆ. ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ 20 ಮಿಲಿಗ್ರಾಂ, ಒಟ್ಟು 14 ದಿನ. ಭೇದಿ ನಿಂತಿತೆಂದು ನಡುವೆ ನಿಲ್ಲಿಸಬಾರದು.

ದೊಡ್ಡವರು ಮೊದಲ ದಿನ ಗಂಜಿ, ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ, ಬಾಳೆಹಣ್ಣುಗಳನ್ನು ಆಗಾಗ ತೆಗೆದುಕೊಳ್ಳಬೇಕು. ಎರಡನೆಯ ದಿನ ಮೆತ್ತಗಿನ ಅನ್ನ, ಕಟ್ಟು, ತಂಬುಳಿ, ಇಡ್ಲಿ. ಮೂರನೆಯ ದಿನದಿಂದ ಸೋರೆಕಾಯಿ, ಹೀರೆಕಾಯಿಯಂತಹ ಎಳೆಯ ತರಕಾರಿಗಳನ್ನು ಬೇಯಿಸಿ ಸೇರಿಸುತ್ತಾ ಮಾಮೂಲಿನ ಊಟಕ್ಕೆ ಮರಳಬಹುದು. ಹಸಿವಾದರೆ ದಿನ ಎಣಿಸುತ್ತ ಕಾಯಬೇಕಾಗಿಲ್ಲ. ಮಧುಮೇಹ, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರು ಉಪ್ಪು, ಸಕ್ಕರೆ, ಎಳನೀರು ಮತ್ತು ತಾವು ದಿನವೂ ನುಂಗುವ ಮಾತ್ರೆಗಳ ವಿಷಯದಲ್ಲಿ ವೈದ್ಯರನ್ನು ಕೇಳಿ ನಡೆಯಬೇಕು.

ಯಾವುದು ಬೇಡ?

ಕಾಫಿ ಮತ್ತು ಗಟ್ಟಿ ಚಹಾ ಕರುಳಿನ ಚಲನೆಯನ್ನು ಹೆಚ್ಚಿಸುತ್ತವೆ. ಬಾಟಲಿಯ ಸಿಹಿ ಪಾನೀಯ, ಸಕ್ಕರೆ ಹೆಚ್ಚಾದ ಹಣ್ಣಿನ ರಸಗಳು ಕರುಳಿಗೆ ಇನ್ನಷ್ಟು ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತವೆ. ಅವು ಓ.ಆರ್.ಎಸ್.ಗೆ ಸಮನಲ್ಲ. ಎಳನೀರು ಒಳ್ಳೆಯ ಪಾನೀಯವೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಆದುದರಿಂದ ಓ.ಆರ್.ಎಸ್. ಜೊತೆಗೆ ಕುಡಿಯಬಹುದೇ ಹೊರತು ಅದರ ಬದಲಿಗೆ ಅಲ್ಲ. ಬಜ್ಜಿ, ಬೋಂಡ, ಪೂರಿ, ಖಾರದ ಸಾರು, ಇಡಿಯ ಕಾಳುಗಳು, ಹಸಿ ತರಕಾರಿಗಳು ಕೆಲವು ದಿನ ದೂರವಿರಲಿ.

ರೋಗಿಯನ್ನು ನೋಡಲು ಹೋಗುವಾಗ ಬ್ರೆಡ್ಡು ಬಿಸ್ಕತ್ತು ಒಯ್ಯುವುದು ನಮ್ಮಲ್ಲಿ ರೂಢಿ. ಬ್ರೆಡ್ಡಿನಿಂದ ಕೆಡುಕಿಲ್ಲ. ಆದರೆ ಅದೊಂದೇ ಆಹಾರವಾಗಲಾರದು. ಒಂದು ಬಟ್ಟಲು ಬೇಳೆಗಂಜಿಯಲ್ಲಿ ನೀರು, ಲವಣ, ಪಿಷ್ಟ, ಸಸಾರಜನಕ ಎಲ್ಲವೂ ಒಟ್ಟಿಗೆ ದೊರೆಯುತ್ತವೆ.

ಭೇದಿಯನ್ನು ಕಟ್ಟಿಸುವ ಮಾತ್ರೆಗಳನ್ನು ಮಕ್ಕಳಿಗೆ ಕೊಡಲೇಬಾರದು. ಅಂಗಡಿಯಿಂದ ತಾವೇ ತಂದ ಪ್ರತಿಜೀವಕ ಔಷಧಿಗಳೂ ಬೇಡ. ಸಾಧಾರಣ ನೀರುಭೇದಿಗೆ ಅವುಗಳ ಅಗತ್ಯವಿಲ್ಲ.

ಪಥ್ಯವೇ ರೋಗಕ್ಕೆ ಕಾರಣವಾಗದಿರಲಿ

ಎಷ್ಟು ಒಳ್ಳೆಯ ಗಂಜಿಯಾದರೂ ಕೊಳೆ ಕೈಯಿಂದ ಕಲಸಿದರೆ ಪ್ರಯೋಜನವಿಲ್ಲ. ಅಡಿಗೆಗೆ ಮೊದಲು, ಉಣಿಸುವ ಮೊದಲು, ಶೌಚದ ನಂತರ, ಮಗುವಿನ ಮಲ ತೊಳೆದ ನಂತರ ಸಾಬೂನಿನಿಂದ ಕೈ ತೊಳೆಯಬೇಕು. ಮಜ್ಜಿಗೆಗೆ ಬೆರೆಸುವ ನೀರನ್ನೂ ಕುದಿಸಿ ಆರಿಸಿರಬೇಕು. ರಾತ್ರಿಯ ಅನ್ನವನ್ನು ನೀರಿನಲ್ಲಿಟ್ಟು ಬೆಳಿಗ್ಗೆ ಉಣ್ಣುವ ಪದ್ಧತಿ ಕೆಲವೆಡೆ ಇದೆ. ಹೊಟ್ಟೆ ಕೆಟ್ಟಿರುವಾಗ ತಂಗಳು ಬೇಡ. ಬೆಂದ ಅನ್ನ ಹೊರಗೇ ಉಳಿದರೆ ಅದರಲ್ಲಿ ರೋಗಾಣುಗಳು ಬೆಳೆಯುತ್ತವೆ. ಗಂಜಿಯನ್ನು ಹೊತ್ತು ಹೊತ್ತಿಗೆ ಹೊಸದಾಗಿ, ಬೇಕಾದಷ್ಟೇ ಮಾಡಿ, ಮುಚ್ಚಿಡಬೇಕು. ಮಗುವಿಗೆ ಬಾಟಲಿಯ ಬದಲು ಬಟ್ಟಲು ಚಮಚಗಳಿಂದ ಉಣಿಸಬೇಕು. ಕೂಸುಗಳಿಗೆ ತೀವ್ರ ಭೇದಿ ತರುವ ರೋಟಾ ವೈರಾಣುವಿನ ವಿರುದ್ಧ ಲಸಿಕೆಯನ್ನು 2016ರಿಂದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಹಂತ ಹಂತವಾಗಿ ಸೇರಿಸಲಾಗಿದೆ. ಅದನ್ನು ತಪ್ಪದೆ ಹಾಕಿಸತಕ್ಕದ್ದು.

ತಡಮಾಡದೆ ಆಸ್ಪತ್ರೆಗೆ

ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡುಬಂದರೂ ಮನೆಯ ಪಥ್ಯವನ್ನು ನೆಚ್ಚಿ ಕುಳಿತುಕೊಳ್ಳಬಾರದು:

ಮಲದಲ್ಲಿ ರಕ್ತ. ಅಕ್ಕಿ ತೊಳೆದ ನೀರಿನಂತೆ ಸತತವಾಗಿ ಹೋಗುವ ಭೇದಿ. ಕುಡಿದುದೆಲ್ಲ ವಾಂತಿಯಾಗುವುದು, ಅಥವಾ ಮಗು ಕುಡಿಯಲಾರದಿರುವುದು. ಕಣ್ಣು ಗುಳಿ ಬೀಳುವುದು, ಬಾಯಿ ಒಣಗುವುದು. ಹೊಟ್ಟೆಯ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟರೆ ನಿಧಾನವಾಗಿ ಕೆಳಗಿಳಿಯುವುದು. ಆರು ಗಂಟೆ ಕಾಲ ಮೂತ್ರ ಹೋಗದಿರುವುದು. ಮಂಪರು. ತೀವ್ರ ಜ್ವರ ಅಥವಾ ತೀವ್ರ ಹೊಟ್ಟೆನೋವು. ಎರಡು ಮೂರು ದಿನಗಳಾದರೂ ಗುಣ ಕಾಣದಿರುವುದು.

ಇಂತಹ ರೋಗಿಯನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬಹುದು. ಕುಡಿಯಬಲ್ಲ ರೋಗಿಗೆ ದಾರಿಯುದ್ದಕ್ಕೂ ಓ.ಆರ್.ಎಸ್. ಕುಡಿಸುತ್ತಿರಬೇಕು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

ಈ ಪಾಠವನ್ನು ಸ್ತ್ರೀಶಕ್ತಿ ಸಂಘಗಳಲ್ಲಿ, ಅಂಗನವಾಡಿಯ ತಾಯಂದಿರ ಸಭೆಗಳಲ್ಲಿ ಓದಿ ಹೇಳಬಹುದು. ಅನಂತರ ಈ ಪ್ರಶ್ನೆಗಳನ್ನು ಕೇಳಿ ಚರ್ಚಿಸಬಹುದು.

1. ಭೇದಿಯಾಗುತ್ತಿರುವಾಗ ಉಪವಾಸವಿರುವುದರಿಂದ ಕರುಳಿಗೆ ಆಗುವ ನಷ್ಟವೇನು?
2. ಒಂದು ಲೀಟರಿನ ಓ.ಆರ್.ಎಸ್. ಪೊಟ್ಟಣವನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪವಾಗಿ ಏಕೆ ಕಲಸಬಾರದು?
3. ನಿಮ್ಮ ಮನೆಯಲ್ಲಿ ಇಂದು ಇರುವ ಸಾಮಗ್ರಿಗಳಿಂದಲೇ ಮಾಡಬಹುದಾದ ಎರಡು ಪಥ್ಯದ ಅಡಿಗೆಗಳಾವುವು?
4. ನಾಲ್ಕು ತಿಂಗಳ ಕೂಸಿಗೆ ಭೇದಿಯಾದರೆ ಎದೆಹಾಲನ್ನು ನಿಲ್ಲಿಸಬೇಕೇ?
5. ಯಾವ ಲಕ್ಷಣಗಳನ್ನು ಕಂಡ ಕೂಡಲೇ ಆಸ್ಪತ್ರೆಗೆ ಹೋಗಬೇಕು?

ಮೂರನೆಯ ಪ್ರಶ್ನೆಗೆ ಹಿರಿಯರಿಂದ ಉತ್ತರ ಕೇಳಿರಿ. ಗಂಜಿ, ತಂಬುಳಿ, ಅಂಬಲಿಗಳ ಹದ ಅವರಿಗೆ ತಿಳಿದಿರುತ್ತದೆ. ಅವನ್ನು ಯಾವಾಗ ಕೊಡಬೇಕೆಂಬ ತಿಳಿವಳಿಕೆಯನ್ನು ಮಾತ್ರ ನಾವು ಅದಕ್ಕೆ ಸೇರಿಸಬೇಕಾಗಿದೆ. ಮೇಲೆ ಹೇಳಿದ ಅಜ್ಜಿ ಐದನೆಯ ದಿನ ಮೊಮ್ಮಗನನ್ನು ತೂಕಕ್ಕೆ ಕರೆತಂದಾಗ, ಪಕ್ಕದ ಬೆಂಚಿನ ಮೇಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ತಾಯಿಯೊಬ್ಬಳಿಗೆ ಹುರಿಅಕ್ಕಿ ಗಂಜಿಯ ಕ್ರಮವನ್ನು ಹೇಳಿಕೊಡುತ್ತಿದ್ದರು. "ನಿಲ್ಲೋ ತನಕ ಕಾಯಬೇಡ ಮಗಳೇ, ಇವತ್ತೇ ಕೊಡು" ಎಂಬ ಮಾತನ್ನೂ ಸೇರಿಸಿದರು.